ಬೆಟ್ಟ ಹತ್ತುವುದು ಯಾವಾಗ ಚಿಕಿತ್ಸೆಯಾಗುತ್ತದೆ?

ಕಾಸರಗೋಡು ಜಿಲ್ಲೆಯ ಪೈವಳಿಕೆಯಲ್ಲಿರುವ ಪೊಸಡಿ ಗುಂಪೆ ಬೆಟ್ಟದ ತುದಿಗೆ ಹತ್ತಿ ಪಡುಗಾಳಿಗೆ ಮುಖವೊಡ್ಡಿ ನಿಂತವರಿಗೆ ಮನಸ್ಸು ಹಗುರಾದಂತೆ ಅನಿಸುವುದು ಸಹಜ. ಪನತ್ತಡಿ ಪಂಚಾಯತಿನ ರಾಣಿಪುರದಲ್ಲಿ ಶೋಲಾ ಕಾಡನ್ನು ದಾಟಿ ಹುಲ್ಲುಗಾವಲಿಗೆ ಏರಿ ಬಂದವರೂ ಇದೇ ಮಾತನ್ನು ಹೇಳುತ್ತಾರೆ. ಆದರೆ ಖಿನ್ನತೆ, ತೀವ್ರ ಆತಂಕ, ಹಳೆಯ ಆಘಾತ ಅಥವಾ ಮದ್ಯವ್ಯಸನದಿಂದ ಬಳಲುತ್ತಿರುವ ಒಬ್ಬರಿಗೆ ಅದೇ ಬೆಟ್ಟವನ್ನು ತೋರಿಸಿ ‘ಒಮ್ಮೆ ಹತ್ತಿ ಬನ್ನಿ, ಎಲ್ಲ ಸರಿಯಾಗುತ್ತದೆ’ ಎಂದರೆ ಅದು ಹಿತವಚನವಾದೀತೇ ಹೊರತು ಚಿಕಿತ್ಸೆಯಾಗದು. ಸಾಹಸ ಚಿಕಿತ್ಸೆ ಮತ್ತು ಪ್ರಕೃತಿ ಆಧಾರಿತ ಚಿಕಿತ್ಸೆ ಎಂಬ ಹೆಸರುಗಳು ಈಗ ಹಲವು ದೇಶಗಳಲ್ಲಿ ಒಂದು ವೃತ್ತಿಯಾಗಿ ಬೆಳೆಯುತ್ತಿರುವಾಗ, ಚಾರಣಕ್ಕೂ ಚಿಕಿತ್ಸೆಗೂ ನಡುವಿನ ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು, ಏಕೆಂದರೆ ಆ ಗೆರೆ ಮಸುಕಾದ ಕಡೆಗಳಲ್ಲಿ ಹಣ ಮಾತ್ರವಲ್ಲ, ಜೀವವೂ ಹೋಗಿದೆ.

ಈ ಕ್ಷೇತ್ರದಲ್ಲಿ ದೀರ್ಘಕಾಲ ದುಡಿದ ಮೈಕೆಲ್ ಗ್ಯಾಸ್, ಲೀ ಗಿಲ್ಲಿಸ್ ಮತ್ತು ಕೀತ್ ರಸೆಲ್ ಎಂಬ ವಿದ್ವಾಂಸರು ಕೊಟ್ಟ ವ್ಯಾಖ್ಯೆಯ ತಾತ್ಪರ್ಯ ಹೀಗಿದೆ: ಮಾನಸಿಕ ಆರೋಗ್ಯದ ವೃತ್ತಿಪರರು, ಹೆಚ್ಚಾಗಿ ಹೊರಾಂಗಣದಲ್ಲಿ, ವ್ಯಕ್ತಿಯ ದೇಹ, ಆಲೋಚನೆ, ಭಾವನೆ ಮತ್ತು ವರ್ತನೆಗಳೆಲ್ಲ ಒಟ್ಟಿಗೆ ತೊಡಗುವಂತೆ ಸಾಹಸದ ಅನುಭವವನ್ನು ಮದ್ದು ಬರೆದುಕೊಟ್ಟಂತೆ ಬಳಸುವ ಕ್ರಮವೇ ಸಾಹಸ ಚಿಕಿತ್ಸೆ. ಮದ್ದು ಬರೆಯುವ ಮೊದಲು ರೋಗಿಯನ್ನು ಪರೀಕ್ಷಿಸಬೇಕು, ಪ್ರಮಾಣ ಗೊತ್ತುಮಾಡಬೇಕು, ಅಡ್ಡಪರಿಣಾಮ ನೋಡಬೇಕು, ಗುಣವಾಯಿತೇ ಎಂದು ಮತ್ತೆ ಕರೆಸಿ ವಿಚಾರಿಸಬೇಕು. ಇಷ್ಟೂ ಇಲ್ಲಿಯೂ ಬೇಕು. ಪ್ರಕೃತಿ ಆಧಾರಿತ ಚಿಕಿತ್ಸೆ ಇದರ ಸೌಮ್ಯ ರೂಪ: ತೋಟದ ಕೆಲಸ, ಕಾಡಿನಲ್ಲಿ ನಿಧಾನದ ನಡಿಗೆ, ನೀರಿನ ಬದಿಯಲ್ಲಿ ಕೂತು ನಡೆಸುವ ಸಮಾಲೋಚನೆ ಮುಂತಾದವು ಅದರೊಳಗೆ ಬರುತ್ತವೆ. ಮಣ್ಣಿನ ಪಟ್ಟಿ, ಉಪವಾಸ, ಜಲಚಿಕಿತ್ಸೆಗಳ ನ್ಯಾಚುರೋಪತಿಗೂ ಇದಕ್ಕೂ ಸಂಬಂಧವಿಲ್ಲ.

ಇತಿಹಾಸವನ್ನು ಕೆದಕಿದರೆ ಆರಂಭ ಆಕಸ್ಮಿಕವಾಗಿಯೇ ಕಾಣುತ್ತದೆ. 1901ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಸ್ಟೇಟ್ ಆಸ್ಪತ್ರೆಯವರು ಕ್ಷಯ ತಗಲಿದ ಮನೋರೋಗಿಗಳನ್ನು ಬೇರೆಯಿಡುವುದಕ್ಕಾಗಿ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಡೇರೆಗಳಲ್ಲಿ ಇರಿಸಿದಾಗ ಅವರ ಮನಸ್ಸಿನ ಸ್ಥಿತಿಯೂ ಸುಧಾರಿಸಿದ್ದು ವೈದ್ಯರ ಗಮನಕ್ಕೆ ಬಂತು. 1941ರಲ್ಲಿ ಜರ್ಮನಿಯಿಂದ ಬ್ರಿಟನ್ನಿಗೆ ಬಂದಿದ್ದ ಶಿಕ್ಷಣತಜ್ಞ ಕರ್ಟ್ ಹಾನ್ ಮತ್ತು ಹಡಗು ಉದ್ಯಮಿ ಲಾರೆನ್ಸ್ ಹೋಲ್ಟ್ ವೇಲ್ಸಿನ ಅಬರ್‌ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಎಂಬ ಶಾಲೆಯನ್ನು ಆರಂಭಿಸಿ, ಕಡಲು ಮತ್ತು ಬೆಟ್ಟಗಳ ನಡುವೆ ಯುವಕರ ಆತ್ಮವಿಶ್ವಾಸವನ್ನು ಬೆಳೆಸುವ ಕ್ರಮಬದ್ಧ ತರಬೇತಿಯನ್ನು ರೂಪಿಸಿದರು. ಅದು ಶಿಕ್ಷಣವಾಗಿತ್ತು, ಚಿಕಿತ್ಸೆಯಾಗಿರಲಿಲ್ಲ. 1971ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಪ್ರಾಜೆಕ್ಟ್ ಅಡ್ವೆಂಚರ್ ಅದೇ ತತ್ವವನ್ನು ಶಾಲೆಯ ಅಂಗಳದ ಹಗ್ಗ ಮತ್ತು ಮರದ ದಿಮ್ಮಿಗಳಿಗೆ ಇಳಿಸಿತು. ಮುಂದೆ ಆಸ್ಪತ್ರೆಗಳೂ ಅದನ್ನು ಎತ್ತಿಕೊಂಡವು. ಇನ್ನೊಂದು ಕಡೆ, 1982ರಲ್ಲಿ ಜಪಾನಿನ ಅರಣ್ಯ ಇಲಾಖೆ ಕಾಡಿನಲ್ಲಿ ನಿಧಾನವಾಗಿ ನಡೆದಾಡುವ ಶಿನ್ರಿನ್ ಯೋಕು ಎಂಬ ಪದ್ಧತಿಯನ್ನು ಜನರ ಮುಂದಿಟ್ಟಿತು.

ಒಂದು ಅವಧಿಯಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಮಂಗಳೂರಿನಲ್ಲಿ ಪದವಿ ಮುಗಿಸಿ ಬದಿಯಡ್ಕದ ಮನೆಗೆ ಮರಳಿದ ಇಪ್ಪತ್ತೆರಡರ ಯುವಕನೊಬ್ಬನಿಗೆ ಅಪರಿಚಿತರೊಡನೆ ಮಾತಾಡುವಾಗ ಎದೆ ಬಡಿದುಕೊಳ್ಳುತ್ತದೆ, ಬೆವರುತ್ತದೆ, ಹಾಗಾಗಿ ಕೆಲಸದ ಸಂದರ್ಶನಗಳನ್ನೇ ಅವನು ತಪ್ಪಿಸಿಕೊಳ್ಳುತ್ತಾನೆ. ಮನಶ್ಶಾಸ್ತ್ರಜ್ಞೆ ಮೊದಲ ಎರಡು ಮೂರು ಭೇಟಿಗಳನ್ನು ನಾಲ್ಕು ಗೋಡೆಗಳ ಒಳಗೇ ನಡೆಸಿ, ಅವನ ಆರೋಗ್ಯದ ಚರಿತ್ರೆ, ತೆಗೆದುಕೊಳ್ಳುತ್ತಿರುವ ಔಷಧ, ಭಯಗಳು, ಆತ್ಮಹತ್ಯೆಯ ಯೋಚನೆ ಇದೆಯೇ ಎಂಬುದನ್ನೆಲ್ಲ ವಿಚಾರಿಸಿ, ಅವನ ಒಪ್ಪಿಗೆಯ ಮೇಲೆಯೇ ಎಂಟು ಜನರ ಒಂದು ಗುಂಪಿಗೆ ಸೇರಿಸಿದ್ದಾರೆ. ಆ ದಿನದ ಚಟುವಟಿಕೆ ಪದವಿನ, ಅಂದರೆ ಮುರಕಲ್ಲಿನ ಬಯಲುಗುಡ್ಡದ, ಮೇಲೆ ಜೋಡಿಯಾಗಿ ನಡೆಯುವುದು: ಒಬ್ಬರು ಕಣ್ಣು ಮುಚ್ಚಿಕೊಳ್ಳುತ್ತಾರೆ, ಇನ್ನೊಬ್ಬರು ಮುಟ್ಟದೆ, ಮಾತಿನಿಂದ ಮಾತ್ರ, ಹೊಂಡ ತಪ್ಪಿಸಿ ಕರೆದೊಯ್ಯುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಪದವುಗಳಲ್ಲಿ ಅಲ್ಲಲ್ಲಿ ನೀರು ನಿಂತ ಪಳ್ಳಗಳು, ಪಾಚಿ ಹಿಡಿದು ಜಾರುವ ಜಾಗಗಳು, ಹುಲ್ಲು ಮುಚ್ಚಿದ ಸಣ್ಣ ಗುಂಡಿಗಳು ಇರುವುದರಿಂದ ಇಪ್ಪತ್ತು ಮಾರು ದೂರವೂ ಸುಲಭದ್ದಲ್ಲ. ಯುವಕ ನಡುವೆ ಎರಡು ಸಲ ನಿಂತುಬಿಡುತ್ತಾನೆ.

ಚಿಕಿತ್ಸೆಯ ತಿರುಳು ಇರುವುದು ಆಮೇಲೆ ನೆರಳಿನಲ್ಲಿ ಕುಳಿತು ಆಡುವ ಮಾತಿನಲ್ಲಿ. ‘ನೀವು ನಡುವೆ ಎರಡು ಸಲ ನಿಂತದ್ದು ಕಂಡೆ, ಆಗ ಎಂತ ಯೋಚನೆ ಬಂತು?’ ಎಂದು ಮನಶ್ಶಾಸ್ತ್ರಜ್ಞೆ ಕೇಳುತ್ತಾರೆ. ‘ನಾನು ನಿಧಾನ ಮಾಡಿದರೆ ಇವರಿಗೆ ಬೇಜಾರಾಗ್ತದೆ ಅಂತ ಕಂಡಿತು’ ಎನ್ನುತ್ತಾನೆ ಅವನು. ಅವರು ಅದನ್ನು ಅಲ್ಲಗಳೆಯುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ; ದಾರಿ ತೋರಿಸಿದಾತನ ಕಡೆ ತಿರುಗಿ ‘ನಿಮಗೆ ಬೇಜಾರಾಯ್ತಾ?’ ಎಂದು ಕೇಳುತ್ತಾರೆ. ‘ಇಲ್ಲ ಮೇಡಂ, ಇವರು ನಿಂತದ್ದರಿಂದಲೇ ಎಡದ ಹೊಂಡ ನನಗೂ ಕಂಡದ್ದು’ ಎಂಬ ಉತ್ತರ ಬರುತ್ತದೆ. ತನ್ನ ಬಗ್ಗೆ ಬೇರೆಯವರು ಏನು ಭಾವಿಸುತ್ತಾರೆಂಬ ಊಹೆಯನ್ನು ಆ ಯುವಕ ವರ್ಷಗಟ್ಟಲೆ ಪರೀಕ್ಷೆಗೆ ಒಡ್ಡದೆ ಹೊತ್ತುಕೊಂಡು ಬಂದಿದ್ದಾನೆ. ಇಲ್ಲಿ, ಕೆಲವೇ ನಿಮಿಷಗಳ ಹಿಂದಿನ ಘಟನೆಯ ಮೇಲೆ, ಸಾಕ್ಷಿಯ ಎದುರಿನಲ್ಲಿ, ಅದು ಪರೀಕ್ಷೆಗೆ ಒಳಗಾಯಿತು. ಮುಂದಿನ ವಾರಕ್ಕೆ ಅವನಿಗೆ ಸಿಗುವ ಕೆಲಸವೂ ಇದರಿಂದಲೇ ಹುಟ್ಟುತ್ತದೆ: ಅಂಗಡಿಯಲ್ಲೋ ಬ್ಯಾಂಕಿನಲ್ಲೋ ಒಂದು ಸಂಗತಿ ಅರ್ಥವಾಗದಿದ್ದಾಗ ಮತ್ತೊಮ್ಮೆ ಹೇಳಿ ಎಂದು ಕೇಳುವುದು, ಎದುರಿನವರು ಹೇಗೆ ನಡೆದುಕೊಂಡರು ಎಂಬುದನ್ನು ಬರೆದಿಟ್ಟುಕೊಂಡು ಬರುವುದು. ಪದವಿನ ಮೇಲೆ ಕಲಿತದ್ದು ಪೇಟೆಗೆ ದಾಟದಿದ್ದರೆ ಆ ಇಡೀ ಬೆಳಗು ಒಂದು ಒಳ್ಳೆಯ ಪಿಕ್ನಿಕ್ ಅಷ್ಟೇ ಆಗಿರುತ್ತದೆ.

ಬೆಟ್ಟವೇ ಪಾಠ ಕಲಿಸುತ್ತದೆ, ಮಾರ್ಗದರ್ಶಕರು ಬಾಯಿ ಹಾಕಬಾರದು ಎನ್ನುವವರೂ ಈ ಕ್ಷೇತ್ರದಲ್ಲಿ ಇದ್ದಾರೆ. ಔಟ್‌ವರ್ಡ್ ಬೌಂಡ್ ಬಳಗದಲ್ಲಿ ಈ ಕುರಿತು ದಶಕಗಳ ಹಿಂದೆಯೇ ದೊಡ್ಡ ಚರ್ಚೆ ನಡೆದಿತ್ತು. ಆರೋಗ್ಯವಂತ ಯುವಕರ ಶಿಬಿರದ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ಸೋಲನ್ನೇ ತನ್ನ ಗುಣವೆಂದು ನಂಬಿಕೊಂಡ ಖಿನ್ನ ಮನಸ್ಸು ಬೆಟ್ಟದಿಂದಲೂ ಸೋಲಿನ ಪಾಠವನ್ನೇ ಕಲಿತು ಬರುವ ಸಾಧ್ಯತೆ ಇರುವುದರಿಂದ, ಚಿಕಿತ್ಸೆಯಲ್ಲಿ ಮಾತನ್ನು ಬಿಟ್ಟುಕೊಡುವುದು ಅಪಾಯಕರ ಎಂಬುದು ನನ್ನ ಅಭಿಪ್ರಾಯ.

ಇನ್ನು ಸಾಹಸವೇ ಏಕೆ ಬೇಕು ಎಂಬ ಪ್ರಶ್ನೆ. ಇದಕ್ಕೆ ಉತ್ತರ ಅನಿಸುವ ಅಪಾಯ ಮತ್ತು ಇರುವ ಅಪಾಯಗಳ ನಡುವಿನ ಅಂತರದಲ್ಲಿದೆ. ಸರಿಯಾಗಿ ಕಟ್ಟಿದ ಹಗ್ಗ, ಸರಂಜಾಮು ಮತ್ತು ಹೆಲ್ಮೆಟ್ಟಿನೊಂದಿಗೆ ಮೂವತ್ತು ಅಡಿಯ ಬಂಡೆಯನ್ನು ಇಳಿಯುವವರಿಗೆ ಭಯ ಬಹಳವಿರುತ್ತದೆ, ನಿಜವಾದ ಅಪಾಯ ಕಡಿಮೆಯಿರುತ್ತದೆ. ಆಗ ದೇಹದಲ್ಲಿ ಏಳುವ ಎದೆಬಡಿತ, ಏದುಸಿರು, ಕೈನಡುಕಗಳೂ ಗಾಬರಿಯ ಕಾಯಿಲೆಯಲ್ಲಿ ಏಳುವ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ. ಅವು ಏರುತ್ತವೆ, ಕೆಲವು ನಿಮಿಷ ನಿಲ್ಲುತ್ತವೆ, ಏನೂ ಅನಾಹುತವಾಗದೆ ಇಳಿಯುತ್ತವೆ ಎಂಬುದನ್ನು ದೇಹವೇ ಕಂಡುಕೊಳ್ಳುವುದು ಯಾವ ವಿವರಣೆಗಿಂತಲೂ ಗಟ್ಟಿಯಾದ ಅರಿವು. ಈಗ ನಮ್ಮ ಗುಡ್ಡಗಳ ಸುರಂಗಗಳನ್ನು ನೆನೆಯಿರಿ. ನೀರಿಗಾಗಿ ಮುರಕಲ್ಲಿನ ಒಳಗೆ ಅಡ್ಡಕ್ಕೆ ಕೊರೆದ ಆ ಇಕ್ಕಟ್ಟಿನ ಗವಿಗಳು ಹೊರಗಿನವರಿಗೆ ಭಾರೀ ಸಾಹಸದ ತಾಣವಾಗಿ ಕಾಣಬಹುದು. ಆದರೆ ಸುರಂಗ ಕೊರೆಯುವ ಅನುಭವಿಗಳೇ ಮೇಣದ ಬತ್ತಿ ಹಚ್ಚಿಟ್ಟು, ಉರಿ ಕುಗ್ಗಿದರೆ ಉಸಿರಾಡಲು ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಾರೆ. ಅಲ್ಲಿ ಅಪಾಯ ಅನಿಸುವಂಥದ್ದಲ್ಲ, ಇರುವಂಥದ್ದು. ಬಲ್ಲ ಚಿಕಿತ್ಸಕರು ಆತಂಕದ ರೋಗಿಯನ್ನು ಸುರಂಗದೊಳಗೆ ನುಗ್ಗಿಸುವುದಿಲ್ಲ.

ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಪಾಲ್ಗೊಳ್ಳುವವರೇ ತೀರ್ಮಾನಿಸುವುದು ಪ್ರಾಜೆಕ್ಟ್ ಅಡ್ವೆಂಚರ್ ಬಳಕೆಗೆ ತಂದ ಮುಖ್ಯ ನಿಯಮ. ಕಣ್ಣು ಮುಚ್ಚಿ ನಡೆಯುವ ಸರಳ ಆಟವೂ ಹಿಂಸೆಗೆ ಒಳಗಾಗಿ ಬಂದವರಿಗೆ ಆ ನೆನಪನ್ನು ಮರುಕಳಿಸಬಹುದು; ಅಂಥವರು ಕಣ್ಣು ತೆರೆದೇ ನಡೆಯಲಿ, ಅಥವಾ ಸುಮ್ಮನೆ ನೋಡುತ್ತಾ ಕುಳಿತಿರಲಿ, ಅದೂ ಭಾಗವಹಿಸುವಿಕೆಯೇ. ‘ಹೆದರುವುದು ಎಂತಕ್ಕೆ ಮಾರಾಯ, ಹಾರು’ ಎಂದು ಹುರಿದುಂಬಿಸುವ ಗೆಳೆಯರ ಗುಂಪಿಗೂ ಚಿಕಿತ್ಸಕರ ಗುಂಪಿಗೂ ಇರುವ ವ್ಯತ್ಯಾಸ ಇಲ್ಲಿಯೇ ಎದ್ದು ಕಾಣುತ್ತದೆ.

ಹಸಿರಿನ ಪರಿಣಾಮದ ಕುರಿತ ಪುರಾವೆಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದ 23 ಮಂದಿಯನ್ನು ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದ 23 ಮಂದಿಯೊಂದಿಗೆ ಹೋಲಿಸಿದಾಗ, ಮರ ಕಂಡವರು ಸ್ವಲ್ಪ ಬೇಗ ಮನೆಗೆ ಹೋಗಿದ್ದರು ಮತ್ತು ಪ್ರಬಲ ನೋವುನಿವಾರಕಗಳನ್ನು ಕಡಿಮೆ ತೆಗೆದುಕೊಂಡಿದ್ದರು. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳುವ ಸಾಧ್ಯತೆ ಹೆಚ್ಚೆಂದು ಕಂಡಿತು. ಆದರೆ ಆರೋಗ್ಯ ಚೆನ್ನಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಾರೆ ಎಂಬ ಸಾಧ್ಯತೆಯನ್ನು ಇಂಥ ಸಮೀಕ್ಷೆ ತಳ್ಳಿಹಾಕಲಾರದು. ಸಾಹಸ ಚಿಕಿತ್ಸೆಯ ಬಗ್ಗೆಯೇ ನಡೆದ 197 ಅಧ್ಯಯನಗಳನ್ನು 2013ರಲ್ಲಿ ಒಟ್ಟುಗೂಡಿಸಿ ನೋಡಿದ ಬೋವೆನ್ ಮತ್ತು ನೀಲ್ ಮಧ್ಯಮ ಪ್ರಮಾಣದ ಲಾಭವನ್ನು ಕಂಡರು. ಔಷಧಗಳ ಪರೀಕ್ಷೆಯಲ್ಲಿ ಸಕ್ಕರೆ ಗುಳಿಗೆ ಕೊಟ್ಟು ರೋಗಿಗೆ ಗೊತ್ತಾಗದಂತೆ ಹೋಲಿಸಬಹುದು, ಬೆಟ್ಟ ಹತ್ತಿಸಿ ಹತ್ತಿಸಿಲ್ಲವೆಂದು ಯಾರನ್ನೂ ನಂಬಿಸಲಾಗದು. ಈ ಕಾರಣಕ್ಕೆ ಪುರಾವೆಯ ಬಲ ಇನ್ನೂ ಸೀಮಿತವಾಗಿಯೇ ಉಳಿದಿದೆ. ನಿಸರ್ಗದ ನಡುವಿನ ಚಟುವಟಿಕೆಗಳ ಕುರಿತ 2021ರ ಒಂದು ವಿಮರ್ಶಾತ್ಮಕ ಅಧ್ಯಯನ ಎಂಟರಿಂದ ಹನ್ನೆರಡು ವಾರಗಳ ಕಾಲ, ಪ್ರತಿ ಸಲ 20ರಿಂದ 90 ನಿಮಿಷಗಳ ಅವಧಿ ಹೆಚ್ಚು ಫಲಕಾರಿ ಎಂದಿರುವುದನ್ನು ಗಮನಿಸಿದರೆ, ಒಂದೇ ವಾರಾಂತ್ಯದಲ್ಲಿ ಬದುಕು ಬದಲಿಸುವ ಭರವಸೆಯ ಪ್ಯಾಕೇಜುಗಳನ್ನು ಸಂಶಯದಿಂದ ನೋಡಬೇಕಾಗುತ್ತದೆ.

ಅಮೆರಿಕದ ಅನುಭವ ಸಂಶಯಕ್ಕೆ ಇನ್ನೂ ಗಟ್ಟಿ ಕಾರಣ ಕೊಡುತ್ತದೆ. ಅಲ್ಲಿ ಹದಿಹರೆಯದವರನ್ನು ವಾರಗಟ್ಟಲೆ ಮರುಭೂಮಿ ಮತ್ತು ಕಾಡುಗಳಲ್ಲಿ ಇರಿಸುವ ಖಾಸಗಿ ‘ಕಾಡು ಚಿಕಿತ್ಸೆ’ಯ ಶಿಬಿರಗಳು ದೊಡ್ಡ ಉದ್ಯಮವಾಗಿ ಬೆಳೆದವು, ಹೆತ್ತವರು ದುಡ್ಡು ಕೊಟ್ಟು ನೇಮಿಸಿದ ಜನರು ಮಧ್ಯರಾತ್ರಿ ಮಕ್ಕಳನ್ನು ಹಾಸಿಗೆಯಿಂದ ಎಬ್ಬಿಸಿ ಒಯ್ದ ಪ್ರಕರಣಗಳೂ ಇದ್ದವು. ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2007ರಲ್ಲಿ, ಇಂಥ ಖಾಸಗಿ ಕಾರ್ಯಕ್ರಮಗಳಲ್ಲಿ 1990ರಿಂದ 2004ರ ನಡುವೆ ಸತ್ತ ಹತ್ತು ಹದಿಹರೆಯದವರ ಪ್ರಕರಣಗಳನ್ನು ಪರಿಶೀಲಿಸಿ, ತರಬೇತಿಯಿಲ್ಲದ ಸಿಬ್ಬಂದಿ, ಸಾಲದ ಆಹಾರ, ಕಾಯಿಲೆಯನ್ನು ನಾಟಕವೆಂದು ತಿಳಿದ ನಿರ್ಲಕ್ಷ್ಯ ಮೊದಲಾದುವನ್ನು ಎತ್ತಿ ತೋರಿಸಿತು. ಮಕ್ಕಳ ವಸತಿ ಕಾರ್ಯಕ್ರಮಗಳಲ್ಲಿನ ದೌರ್ಜನ್ಯವನ್ನು ತಡೆಯುವ ಉದ್ದೇಶದ ರಾಷ್ಟ್ರಮಟ್ಟದ ಕಾನೂನಿಗೆ ಅಲ್ಲಿ ಅಧ್ಯಕ್ಷರ ಸಹಿ ಬಿದ್ದದ್ದು 2024ರ ಡಿಸೆಂಬರಿನಲ್ಲಿ. ಬಲವಂತದಿಂದ ಕರೆದೊಯ್ದು, ದಣಿಸಿ, ಹಸಿವಿನಿಂದ ಬಗ್ಗಿಸುವುದಕ್ಕೆ ಕಾಡಿನ ಹೆಸರು ಕೊಟ್ಟರೂ ಅದು ಶಿಕ್ಷೆಯೇ.

ವೃತ್ತಿಯಾಗಿ ಇದು ರೂಪುಗೊಳ್ಳುತ್ತಿರುವುದು ಈ ಕಹಿಯ ಹಿನ್ನೆಲೆಯಲ್ಲಿಯೇ. 1997ರಲ್ಲಿ ಆಸ್ಟ್ರೇಲಿಯದ ಪರ್ತ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಸಾಹಸ ಚಿಕಿತ್ಸಾ ಸಮ್ಮೇಳನ ನಡೆಯಿತು. ಅನುಭವಾಧಾರಿತ ಶಿಕ್ಷಣದ ಅಮೆರಿಕದ ಸಂಘಟನೆಯೊಂದು ಈಚೆಗೆ ಸಾಹಸ ಚಿಕಿತ್ಸಕರಿಗೆಂದೇ ಪ್ರಮಾಣಪತ್ರದ ವ್ಯವಸ್ಥೆ ಮಾಡಿದೆ. ದಕ್ಷಿಣ ಕೊರಿಯದಲ್ಲಿ ಕಾನೂನಿನ ಅಡಿಯಲ್ಲಿ ತರಬೇತಾದ ಅರಣ್ಯ ಚಿಕಿತ್ಸಾ ಮಾರ್ಗದರ್ಶಕರಿದ್ದಾರೆ. ಇಂಗ್ಲೆಂಡಿನಲ್ಲಿ 2021ರಿಂದ ಏಳು ಪ್ರದೇಶಗಳಲ್ಲಿ ವೈದ್ಯರು ರೋಗಿಗಳನ್ನು ತೋಟಗಾರಿಕೆ ಮತ್ತು ನಡಿಗೆಯ ಗುಂಪುಗಳಿಗೆ ಕಳುಹಿಸುವ ಪ್ರಯೋಗ ಸರಕಾರಿ ಹಣದಲ್ಲಿ ನಡೆಯಿತು. ಭಾರತದಲ್ಲಿ ಸಾಹಸ ಚಿಕಿತ್ಸಕರೆಂಬ ಪ್ರತ್ಯೇಕ ಕಾನೂನಾತ್ಮಕ ಪರವಾನಗಿಯಿಲ್ಲ. ಆದುದರಿಂದ ಎರಡು ಬೇರೆ ಬೇರೆ ಅರ್ಹತೆಗಳನ್ನು ಬೇರೆಬೇರೆಯಾಗಿಯೇ ಕೇಳಬೇಕು. ಮನಸ್ಸಿನ ಕಡೆಯವರು ಮನೋವೈದ್ಯರೋ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾದ ಕ್ಲಿನಿಕಲ್ ಸೈಕಾಲಜಿಸ್ಟರೋ ಎಂಬುದನ್ನು ನೋಂದಣಿ ಸಂಖ್ಯೆಯೊಂದಿಗೆ ವಿಚಾರಿಸಬಹುದು. ಬೆಟ್ಟ ಮತ್ತು ನೀರಿನ ಕಡೆಯವರಿಗೆ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಂಥ ಕಡೆ ಪಡೆದ ತರಬೇತಿ, ಪ್ರಥಮ ಚಿಕಿತ್ಸೆಯ ಜ್ಞಾನ, ಸ್ಥಳದ ಪರಿಚಯ ಬೇಕು. ಎರಡೂ ಒಬ್ಬರಲ್ಲೇ ಇರುವುದು ಅಪರೂಪ, ಹಾಗಾಗಿ ಗುಂಪಿನ ಜೊತೆ ಇಬ್ಬರಿರುವುದು ವಾಡಿಕೆ.

ಔಷಧದ ವಿಚಾರವನ್ನು ಹಗುರವಾಗಿ ಕಾಣುವಂತಿಲ್ಲ. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರು ಕಾಸರಗೋಡಿನ ಏಪ್ರಿಲ್ ಬಿಸಿಲಿನಲ್ಲಿ ಬೆವರಿ ದೇಹದ ನೀರು ಕಳೆದುಕೊಂಡರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಿ ವಿಷವಾಗಬಲ್ಲದು. ಮನೋರೋಗದ ಕೆಲವು ಮಾತ್ರೆಗಳು ದೇಹ ಸೆಕೆಯನ್ನು ತಾಳುವ ಶಕ್ತಿಯನ್ನು ಕುಗ್ಗಿಸುತ್ತವೆ. ಅಪಸ್ಮಾರ ಇರುವವರಿಗೆ ನೀರು ಮತ್ತು ಎತ್ತರ ಎರಡೂ ಅಪಾಯ. ಸಾಹಸಕ್ಕೆ ಬಂದವರನ್ನು ಈ ಪ್ರಶ್ನೆಗಳನ್ನು ಕೇಳದೆಯೇ ಸೇರಿಸಿಕೊಳ್ಳುವವರಲ್ಲಿ ಚಿಕಿತ್ಸೆಯ ತಿಳಿವಳಿಕೆ ಇಲ್ಲವೆಂದೇ ತಿಳಿಯಬೇಕು. ಮಳೆಗಾಲದ ಕಾಡಿನಲ್ಲಿ ಇಂಬಳ, ಜಾರುವ ಕಲ್ಲು, ಏರುವ ಹೊಳೆ, ಮೇಲಿನ ಕಾಡಿನಲ್ಲಿ ಆನೆ ಇವೆಲ್ಲ ಊರವರಿಗೆ ಹೊಸತಲ್ಲ, ಆದರೆ ಯೋಜನೆಯಲ್ಲಿ ಬರೆದಿರಬೇಕು.

ಸಪ್ತಭಾಷೆಗಳ ಈ ನೆಲದಲ್ಲಿ ಇನ್ನೆರಡು ಸಂಗತಿಗಳು ವಿಶೇಷವಾಗಿ ಮುಖ್ಯವಾಗುತ್ತವೆ. ಮೊದಲನೆಯದು ಭಾಷೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ಬದುಕುವವರು ವ್ಯವಹಾರವನ್ನು ಯಾವ ಭಾಷೆಯಲ್ಲಾದರೂ ಮುಗಿಸಿಯಾರು; ದುಃಖವನ್ನು ಹೇಳುವಾಗ ಮಾತ್ರ ಅಮ್ಮನ ಹತ್ತಿರ ಆಡಿದ ಭಾಷೆಯೇ ಬೇಕಾಗುತ್ತದೆ. ನೆರಳಿನಲ್ಲಿ ಕೂತು ಆಡುವ ಆ ಮಾತೇ ಚಿಕಿತ್ಸೆಯ ತಿರುಳಾದ್ದರಿಂದ, ಹಗ್ಗ ಹಿಡಿಯುವವರು ಯಾವ ಊರಿನವರಾದರೂ ನಡೆದೀತು, ಮಾತಾಡಿಸುವವರಿಗೆ ಈ ಕಡೆಯ ಮಾತು ಬರಲೇಬೇಕು. ಎರಡನೆಯದು ಗೋಪ್ಯತೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ, ಆದರೆ ಬಯಲಿಗೆ ಬಾಗಿಲಿಲ್ಲ. ಗುಡ್ಡದಲ್ಲಿ ಸೊಪ್ಪು ತರಲು ಬಂದ ನೆಂಟರೊಬ್ಬರು ‘ಎಂತ ಮಗಾ, ಇಲ್ಲಿ?’ ಎಂದು ಕೇಳಿದರೆ ಏನು ಉತ್ತರಿಸುವುದೆಂದು ಗುಂಪಿನವರು ಮೊದಲೇ ಮಾತಾಡಿಕೊಂಡಿರಬೇಕು. ಎಷ್ಟೋ ವೇಳೆ ತನ್ನ ಗ್ರಾಮದಿಂದ ಎರಡು ಪಂಚಾಯತು ಆಚೆಯ ಜಾಗವನ್ನು ಆರಿಸುವುದೇ ಲೇಸು.

ನಿಸರ್ಗವೆಂದರೆ ಎಲ್ಲರಿಗೂ ನೆಮ್ಮದಿಯ ತಾಣ ಎಂಬ ಊಹೆಯನ್ನೂ ಇಲ್ಲಿ ಹಾಗೆಯೇ ಒಪ್ಪಲಾಗದು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಮುಂತಾದ ಕಡೆಗಳಲ್ಲಿ ಗೇರು ತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ, 2000ನೇ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಸಲಾಗಿತ್ತು. ಅಲ್ಲಿ ಹುಟ್ಟು ಅಂಗವಿಕಲ ಮಕ್ಕಳನ್ನು ಸಾಕುತ್ತಿರುವ ಅಮ್ಮಂದಿರಿಗೆ ಗುಡ್ಡದ ಹಸಿರು ಬೇರೆಯೇ ನೆನಪುಗಳನ್ನು ತರಬಹುದು. ಅಂಥವರಿಗೆ ‘ಮರವನ್ನು ಅಪ್ಪಿಕೊಳ್ಳಿ’ ಎನ್ನುವ ಮೊದಲು ಆ ಮರದ ಬುಡದಲ್ಲಿ ಏನಾಗಿತ್ತೆಂದು ಕೇಳುವ ವ್ಯವಧಾನ ಚಿಕಿತ್ಸಕರಿಗೆ ಇರಬೇಕು. ಅದೇ ಜಿಲ್ಲೆಯ ಪರಪ್ಪದ ಬಳಿ ಅಬ್ದುಲ್ ಕರೀಂ ಅವರು 1977ರಲ್ಲಿ ಐದು ಎಕ್ರೆ ಬರಡು ಮುರಕಲ್ಲಿನ ನೆಲ ಕೊಂಡು ಗಿಡ ನೆಡಲು ತೊಡಗಿ, ಮುಂದೆ 32 ಎಕ್ರೆಗಳ ಕಾಡನ್ನೇ ಎಬ್ಬಿಸಿದ್ದೂ ನಿಜ; ಕೆಟ್ಟ ನೆಲದಲ್ಲಿ ಕೈಯಾರೆ ಮಣ್ಣು, ನೀರು, ಗಿಡಗಳ ಕೆಲಸ ಮಾಡುವ ತೋಟಗಾರಿಕಾ ಚಿಕಿತ್ಸೆ ಇಲ್ಲಿಗೆ ಬಂಡೆ ಇಳಿಯುವುದಕ್ಕಿಂತ ಹೆಚ್ಚು ಒಪ್ಪೀತು ಎಂದು ನನಗನಿಸುತ್ತದೆ.

ಆ ಅಮ್ಮಂದಿರಿಗಾಗಿ ಯಾರಾದರೂ ಇಂಥದ್ದೊಂದು ಗುಂಪನ್ನು ಕಟ್ಟುವುದಾದರೆ ವಿನ್ಯಾಸ ಅವರ ದಿನಚರಿಯಿಂದಲೇ ಹುಟ್ಟಬೇಕು. ಮಕ್ಕಳು ಬೌದ್ಧಿಕ ಸವಾಲುಗಳಿರುವವರಿಗಾಗಿ ಪಂಚಾಯತು ನಡೆಸುವ ಬಡ್ಸ್ ಶಾಲೆಯಲ್ಲಿರುವ ಹಗಲಿನ ಕೆಲವು ಗಂಟೆಗಳು ಮಾತ್ರ ಅವರ ಕೈಯಲ್ಲಿರುವ ಬಿಡುವು. ಆದುದರಿಂದ ರಾಣಿಪುರದ ಶಿಬಿರಕ್ಕೆ ಕರೆಯುವ ಬದಲು ಶಾಲೆಯ ಹತ್ತಿರವೇ ಹತ್ತು ಸೆಂಟ್ಸ್ ಜಾಗ, ಒಂದು ಬಾವಿ, ಬಸಳೆ ಚಪ್ಪರ, ವಾರಕ್ಕೊಂದು ಸಲ ಅವರ ಮಾತು ಬಲ್ಲ ಮನಶ್ಶಾಸ್ತ್ರಜ್ಞೆ, ಮೂರು ತಿಂಗಳ ಅವಧಿ, ಆರಂಭದಲ್ಲೂ ಕೊನೆಯಲ್ಲೂ ಮನಸ್ಸಿನ ಸ್ಥಿತಿಯ ಅಳತೆ, ನಡುವೆ ಯಾರಿಗಾದರೂ ಕಷ್ಟ ಹೆಚ್ಚಿದರೆ ಕಳುಹಿಸಲು ಮೊದಲೇ ಮಾತಾಡಿಟ್ಟ ಒಬ್ಬ ಮನೋವೈದ್ಯರು, ರಾತ್ರಿ ಹೊತ್ತಿಗೆ ಕರೆ ಮಾಡಲು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆ ಇಷ್ಟಿದ್ದರೆ ಕೆಲಸ ಆರಂಭಿಸಬಹುದು. ಮಗುವಿಗೆ ಜ್ವರವೆಂದು ಒಬ್ಬರು ಎರಡು ವಾರ ಬಾರದಿದ್ದರೆ ಅವರ ಸಾಲಿನ ಬಸಳೆಗೆ ನೀರು ಹೊಯ್ಯುವವರು ಯಾರು ಎಂಬುದನ್ನೂ ಮೊದಲ ದಿನವೇ ಗುಂಪಿನಲ್ಲಿ ತೀರ್ಮಾನಿಸಿಕೊಳ್ಳಬೇಕು.